ಕೊಂಬೆಗೆ ಸಿಕ್ಕಿದ ಗಾಳ

ಕಳೆದುಹೋದ ವಸ್ತುವಿನ ಮೇಲೆ ಕಳೆದುಕೊಂಡವನಿಗೆ ಹಕ್ಕು ಉಳಿದಿರುವುದೆ ಇಲ್ಲವೆ ಎಂಬ ಪ್ರಶ್ನೆಯನ್ನು ಧರ್ಮಶಾಸ್ತ್ರಕಾರರೂ ನ್ಯಾಯವೇತ್ತರೂ ಬಹುಕಾಲದಿಂದ ವಿಚಾರಿಸಿದ್ದಾರೆ. ಒಡೆಯನು ಯಾರೆಂದು ತಿಳಿಯದ ಸೊತ್ತನ್ನು ಅರಸನು ಮೂರು ವರ್ಷ ಕಾದಿಡಬೇಕು, ಅಷ್ಟರೊಳಗೆ ಒಡೆಯನು ಬಂದರೆ ಅದು ಅವನಿಗೇ ಸಲ್ಲಬೇಕು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಬೇಡವೆಂದು ಬಿಟ್ಟ ವಸ್ತು ಬೇರೆ, ಅನಿವಾರ್ಯದಿಂದ ಕೈಬಿಟ್ಟ ವಸ್ತು ಬೇರೆ ಎಂದು ರೋಮನರ ನ್ಯಾಯವು ವಿಂಗಡಿಸಿತು. ಬಿರುಗಾಳಿಯಲ್ಲಿ ಹಡಗನ್ನು ಹಗುರಮಾಡುವುದಕ್ಕಾಗಿ ಸಮುದ್ರಕ್ಕೆ ಎಸೆದ ಸರಕು ಎಸೆದವನ ಸೊತ್ತಾಗಿಯೇ ಉಳಿಯುತ್ತದೆಂದು ಅವರ ಮತ. ಇವೆಲ್ಲ ಹಕ್ಕಿನ ಮಾತು. ಇದರ ಮಗ್ಗುಲಲ್ಲಿಯೇ ಇರುವ ಇನ್ನೊಂದು ಪ್ರಶ್ನೆಯನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಕಡಿಮೆ. ವಸ್ತುವು ಕೈಬಿಟ್ಟು ಹೋದಮೇಲೆ ಅದರ ಮೇಲಣ ಹಕ್ಕು ಹೋಗಲಿ, ಉಳಿಯಲಿ. ಅದು ಮುಂದೆ ಮಾಡಬಹುದಾದ ಕೇಡಿನ ಹೊಣೆ ಯಾರದು?

ಈ ಪ್ರಶ್ನೆಯನ್ನು ಒಂದು ಬಹು ಚಿಕ್ಕ ವಿಷಯದ ಮೇಲೆ ಇಟ್ಟು ನೋಡಬೇಕೆಂಬುದು ನನ್ನ ಉದ್ದೇಶ. ವಿಷಯವೆಂದರೆ, ದೋಣಿಯಲ್ಲಿ ಕುಳಿತು ಮೀನು ಹಿಡಿಯುವವನ ಗಾಳವು ನೀರಿಗೆ ಬೀಳುವುದಕ್ಕೆ ಬದಲಾಗಿ ಹೊಳೆಯ ಮೇಲೆ ಬಾಗಿದ ಮರಕ್ಕೆ ಸಿಕ್ಕಿಕೊಳ್ಳುವುದು. ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಮೀನು ಹೊಸಿಲು ದಾಟಿದ್ದಿಲ್ಲ ಎಂಬುದನ್ನು ಬಲ್ಲೆ. ಅವರು ಮುಖ ತಿರುಗಿಸದೆ ಸ್ವಲ್ಪ ದೂರ ನನ್ನೊಡನೆ ಬರಬೇಕೆಂದು ಪ್ರಾರ್ಥನೆ. ಅವರ ಆಕ್ಷೇಪಣೆಗೂ ಮುಂದೆ ಎಡೆಯುಂಟು.

ಗಾಳದ ಬೇಟೆಯಲ್ಲಿ ಒಂದು ವಿಶೇಷವಾದ ಬಗೆಯಿದೆ. ಇದರಲ್ಲಿ ಎರೆಹುಳುವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಸಣ್ಣ ಗಾಳವೊಂದಕ್ಕೆ ಹಕ್ಕಿಯ ಗರಿ, ಮೊಲದ ಕೂದಲು, ಬಣ್ಣದ ದಾರ ಇವುಗಳನ್ನು ಸುತ್ತಿ, ಮೀನು ಅದನ್ನು ನೊಣವೆಂದೋ ಇರುವೆಯೆಂದೋ ಮಿಡತೆಯೆಂದೋ ಭ್ರಮಿಸುವಂತೆ ಕಟ್ಟುತ್ತಾರೆ. ಇದನ್ನು ನಾವು ಹುಸಿನೊಣವೆಂದು ಕರೆಯೋಣ. ಮೆಸಿಡೋನಿಯದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನನ್ನು ವಂಚಿಸುತ್ತಿದ್ದರೆಂದು ಕ್ರಿಸ್ತಶಕ 200ರ ಸುಮಾರಿನಲ್ಲಿ ರೋಮಿನ ಈಲಿಯನ್ ಎಂಬ ಗ್ರಂಥಕರ್ತನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ನನ ಗ್ರಂಥವು 1653ರಲ್ಲಿ ಹೊರಬಂದಿತು. 1676ರ ಆವೃತ್ತಿಗೆ ಅವನ ಸ್ನೇಹಿತನಾದ ಚಾರ್ಲ್ಸ್ ಕಾಟನ್ನನು ಹುಸಿನೊಣದ ಬೇಟೆಯನ್ನು ಕುರಿತ ಭಾಗವೊಂದನ್ನು ಬರೆದು ಸೇರಿಸಿದನು. ಗಾಳವನ್ನು ವಿದ್ಯೆಯೆಂದು ಎಣಿಸಿದವರಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕತಕ್ಕ ಎರೆ, ದಾರ, ಗಾಳ, ಎಲ್ಲವನ್ನೂ ಅರಸನು ಎಣಿಸಿ ಹೇಳಿದ್ದಾನೆ.

ಹುಸಿನೊಣಕ್ಕೆ ತೂಕವಿಲ್ಲ. ಕಲ್ಲಿನಂತೆ ಎಸೆದರೆ ಅದು ಮಾರುದೂರವೂ ಹೋಗದು. ಆದ್ದರಿಂದ ದಾರಕ್ಕೇ ತೂಕವನ್ನು ಕೊಟ್ಟಿರುತ್ತಾರೆ. ಕೋಲನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿಯಾಗಿ ಬಿಚ್ಚಿಕೊಳ್ಳುವವರೆಗೆ ತಾಳಿ, ಅನಂತರ ಮುಂದಕ್ಕೆ ಬೀಸಿದರೆ, ದಾರದ ಬೆನ್ನುಹತ್ತಿ ನೊಣವು ಹೋಗಿ ನೀರಿನ ಮೇಲೆ ಎಲೆ ಇಳಿದಂತೆ ಇಳಿಯುತ್ತದೆ. ಹೀಗೆ ಬೀಸುವವನಿಗೆ ಮುಂದೆ ಎಷ್ಟು ಬಯಲು ಬೇಕೋ ಹಿಂದೆಯೂ ಅಷ್ಟೇ ಬಯಲು ಬೇಕು. ಮನುಷ್ಯನಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಮರಕ್ಕಾದರೋ ಸುತ್ತಲೂ ಕೈಗಳಿವೆ.

ಹಾಗಿದ್ದರೆ ಮರಗಳಿಲ್ಲದ ಕಡೆ ಏಕೆ ಹೋಗಬಾರದು? ಇಲ್ಲಿಯೇ ವಿಷಯದ ಗಂಟಿರುವುದು. ಮೀನು ಇರುವುದು ಮರದ ಕೆಳಗೆ. ಬೇಸಗೆಯ ಬಿಸಿಲಿನಲ್ಲಿ ಕೊಂಬೆಯ ನೆರಳು ನೀರನ್ನು ತಂಪಾಗಿಡುತ್ತದೆ. ಆಕಾಶದಿಂದ ಎರಗುವ ಹದ್ದಿನ ಕಣ್ಣನ್ನು ಮರೆಮಾಡುತ್ತದೆ. ಅದಕ್ಕಿಂತ ಮಿಗಿಲಾಗಿ ಆ ಕೊಂಬೆಯಿಂದ ಇರುವೆ, ಜೀರುಂಡೆ, ಕಂಬಳಿಹುಳು ಇವು ಒಂದೊಂದಾಗಿ ನೀರಿಗೆ ಉದುರುತ್ತಿರುತ್ತವೆ. ಅಮೆರಿಕದ ಪೊಟೋಮ್ಯಾಕ್ ನದಿಯ ಸೀಮೆಯಲ್ಲಿ ಒಂದು ಜಾತಿಯ ಸಿಕಾಡ ಕೀಟವು ಹದಿನೇಳು ವರ್ಷ ನೆಲದೊಳಗಿದ್ದು ಮೇಲಕ್ಕೆ ಬರುತ್ತದೆ. 2004ರಲ್ಲಿ ಬಂದದ್ದು ಮತ್ತೆ 2021ರಲ್ಲಿ ಬಂದಿತು. ಮರಮರಗಳೂ ಅದರ ಕೂಗಿನಿಂದ ತುಂಬಿಹೋಗುತ್ತವೆ. ಆ ಕೆಲವು ವಾರಗಳಲ್ಲಿ ಹೊಳೆಯ ಮೀನುಗಳಿಗೆ ಕೊಂಬೆಗಳಿಂದ ಮೃಷ್ಟಾನ್ನವೇ ಸುರಿಯುತ್ತದೆ. ಬೇರೆ ಕಾಲದಲ್ಲಿ ತಳವನ್ನು ಕೆದಕಿ ತಿನ್ನುವ ಕಾರ್ಪ್ ಮೀನು ಕೂಡ ಆಗ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ. ಹೀಗಿರಲು, ಮೀನನ್ನು ಅಲ್ಲಿಗೆ ತಂದುಕೊಟ್ಟ ಕೊಂಬೆಯೇ ಗಾಳವನ್ನೂ ಹಿಡಿದಿಟ್ಟುಕೊಂಡಿತೆಂದು ಬೇಟೆಗಾರನು ಮರವನ್ನು ಬೈದರೆ, ಅವನು ಒಂದೇ ಕೈಯಿಂದ ದಾನವನ್ನೂ ಪಡೆದು ಸುಂಕವನ್ನು ಮಾತ್ರ ಕೊಡಲಾರೆನೆಂದಂತಾಯಿತು.

ದೋಣಿಯ ವಿಷಯವನ್ನೂ ಹೇಳಬೇಕು. ಈ ಬೇಟೆಗೆ ಈಗ ಹಲವರು ಕಯಾಕ್ ಎಂಬ ಕಿರುದೋಣಿಯನ್ನು ಬಳಸುತ್ತಾರೆ. ಗ್ರೀನ್‌ಲೆಂಡ್ ಮೊದಲಾದ ಹಿಮಪ್ರದೇಶಗಳ ಇನುಯಿಟ್ ಜನರು ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಹೊದಿಸಿ ಇದನ್ನು ಮಾಡಿಕೊಂಡಿದ್ದರು; ಇಂದು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮಾರುತ್ತಾರೆ. ಅದರಲ್ಲಿ ಕುಳಿತವನ ಸೊಂಟವು ಹೆಚ್ಚುಕಡಮೆ ನೀರಿನ ಮಟ್ಟದಲ್ಲಿರುತ್ತದೆ. ನಿಂತು ಬೀಸುವವನ ದಾರವು ಪೊದೆಗಳ ಮೇಲೆ ಹಾದುಹೋದರೆ, ಕುಳಿತವನ ದಾರವು ಪೊದೆಗಳ ನಡುವೆಯೇ ಹಾಯುತ್ತದೆ. ಕೋಲನ್ನು ಹಿಡಿಯಬೇಕಾದರೆ ಹುಟ್ಟನ್ನು ಕೆಳಗಿಡಬೇಕು. ಹುಟ್ಟನ್ನು ಕೆಳಗಿಟ್ಟ ಕೂಡಲೆ ಸೆಳವೋ ಗಾಳಿಯೋ ದೋಣಿಯ ಮೂತಿಯನ್ನು ತಿರುಗಿಸುತ್ತದೆ. ಅಂತೂ ಗುರಿಯಿಡುವ ಹೊತ್ತಿಗೆ ಕೊಂಬೆಯು ಎರಡು ಮಾರು ಹತ್ತಿರಕ್ಕೆ ಬಂದಿರುತ್ತದೆ. ಇನ್ನು ಸಿಕ್ಕಿದ ಗಾಳವನ್ನು ಬಿಡಿಸುವ ಸಂಭ್ರಮವನ್ನು ನೋಡಬೇಕು! ದಡದಲ್ಲಿ ನಿಂತವನು ದಾರವನ್ನು ಜಗ್ಗಿದರೆ ಕೊಂಬೆಯು ಅವನ ಕಡೆಗೆ ಬಾಗುತ್ತದೆ. ಕಯಾಕಿನಲ್ಲಿರುವವನು ಜಗ್ಗಿದರೆ ಕೊಂಬೆ ಬಾಗುವುದಿಲ್ಲ. ಇವನೇ ದೋಣಿಸಮೇತ ಮರದ ಕಡೆಗೆ ಹೋಗುತ್ತಾನೆ. ಯಾರು ಯಾರನ್ನು ಹಿಡಿದರೆಂದು ಮೀನುಗಳು ನೋಡಿ ನಕ್ಕರೆ ಆಶ್ಚರ್ಯವಿಲ್ಲ.

ಆ ದೋಣಿಯನ್ನು ಮೊದಲು ಕಟ್ಟಿದ ಜನರು ಈಟಿಗಾಳದ ತುದಿಗೆ ಉದ್ದವಾದ ತೊಗಲಿನ ಮಿಣಿಯನ್ನೂ, ಮಿಣಿಯ ಕೊನೆಗೆ ಗಾಳಿ ತುಂಬಿದ ಸೀಲಿನ ಚರ್ಮದ ಬುರುಡೆಯನ್ನೂ ಕಟ್ಟುತ್ತಿದ್ದರು. ಪೆಟ್ಟು ತಿಂದ ಪ್ರಾಣಿಯು ಮುಳುಗಿ ಕಳೆದುಹೋಗಬಾರದು, ಆಯುಧವೂ ಹೋಗಬಾರದು ಎಂಬುದು ಅದರ ಉದ್ದೇಶ. ಹೊಟ್ಟೆಗಾಗಿ ಬೇಟೆಯಾಡುವವನು ಕಳೆದುಕೊಳ್ಳುವುದಕ್ಕೆ ಅಂಜುತ್ತಾನೆ. ವಿನೋದಕ್ಕಾಗಿ ಬೇಟೆಯಾಡುವವನು ಕಳೆದುಕೊಳ್ಳುವುದನ್ನು ಒಂದು ಹೆಚ್ಚುಗಾರಿಕೆಯಾಗಿ ಹೇಳಿಕೊಳ್ಳುವುದೂ ಉಂಟು. ನೊಣಗಳನ್ನು ಕಳೆದುಕೊಳ್ಳದವನು ಮೀನಿನ ಹತ್ತಿರಕ್ಕೆ ಹೋಗಿಯೇ ಇಲ್ಲ ಎಂಬುದು ಈ ಬೇಟೆಗಾರರಲ್ಲಿ ಬಳಕೆಯಲ್ಲಿರುವ ಮಾತು.

ನನ್ನ ಸೋದರಳಿಯನೊಬ್ಬನು ಹಲವು ವರ್ಷಗಳಿಂದ ವರ್ಜೀನಿಯದಲ್ಲಿ ಉದ್ಯೋಗದಲ್ಲಿದ್ದಾನೆ. ನಾನು ಅವನ ಮನೆಗೆ ಹೋಗಿದ್ದಾಗ ಒಂದು ದಿನ ಶೆನೆಂಡೋವಾ ನದಿಗೆ ಕರೆದುಕೊಂಡು ಹೋದನು. ಇದು ಹಾರ್ಪರ್ಸ್ ಫೆರಿ ಎಂಬ ಊರಿನಲ್ಲಿ ಪೊಟೋಮ್ಯಾಕನ್ನು ಕೂಡುವ ಹೊಳೆ. ದಡದ ಉದ್ದಕ್ಕೂ ಬಿಳಿಯ ತೊಗಟೆಯ ಸಿಕಮೋರ್ ಮರಗಳು ನೀರಿನ ಮೇಲೆ ಬಾಗಿನಿಂತಿವೆ. ಅಲ್ಲಿಯ ಮುಖ್ಯ ಬೇಟೆಯಾದ ಬಾಸ್ ಮೀನು ಆ ಸೀಮೆಗೆ ಹೊರಗಿನದು. 1854ರಲ್ಲಿ ರೈಲಿನ ಇಂಜಿನ್ನಿನ ನೀರಿನ ತೊಟ್ಟಿಯಲ್ಲಿ ಅದನ್ನು ತಂದು ಪೊಟೋಮ್ಯಾಕ್ ಕಡೆಯ ನೀರಿಗೆ ಬಿಟ್ಟರಂತೆ. ವಲಸೆ ಬಂದವನು ವಲಸೆ ಬಂದುದನ್ನು ಹಿಡಿಯುವುದನ್ನು ನೋಡುತ್ತ ನಾನು ಬೇರೊಂದು ದೋಣಿಯಲ್ಲಿ ಸೆಳವಿಲ್ಲದ ಕಡೆ ಕುಳಿತಿದ್ದೆನು. ಒಂದು ದೊಡ್ಡ ಮರದ ಬುಡದಲ್ಲಿ ಮೀನೊಂದು ಮತ್ತೆ ಮತ್ತೆ ಮೇಲಕ್ಕೆ ಬಂದು ನೀರಿನಲ್ಲಿ ಬಳೆಗಳನ್ನೆಬ್ಬಿಸುತ್ತಿತ್ತು. ಇವನು ನಾಲ್ಕೈದು ಸಲ ಬೀಸಿದನು. ಆಮೇಲಿನದು ಕೊಂಬೆಗೆ ಸಿಕ್ಕಿತು. ಮೀನಿಗೆ ಅದರ ಅರಿವಿಲ್ಲ. ಅದು ಇನ್ನೂ ಮೇಲಕ್ಕೆ ಬರುತ್ತಲೇ ಇತ್ತು. ದಾರವನ್ನು ಕಿತ್ತು ಮತ್ತೊಂದು ನೊಣವನ್ನು ಕಟ್ಟಿಕೊಳ್ಳುವುದು ಎರಡು ನಿಮಿಷದ ಕೆಲಸ. ಅವನು ಹಾಗೆ ಮಾಡದೆ ಹುಟ್ಟನ್ನು ಕೈಗೆ ತೆಗೆದುಕೊಂಡು ಮರದ ಬುಡಕ್ಕೇ ಹೋಗಿ, ಕೊಂಬೆಯನ್ನು ಎಳೆದು ಬಾಗಿಸಿ, ಎಲೆಗಳ ನಡುವೆ ಹುಡುಕಿ ಗಾಳವನ್ನು ಬಿಡಿಸಿಕೊಂಡನು. ಮಡುವೆಲ್ಲ ಕದಡಿತು. ಮೀನು ಮತ್ತೆ ಕಾಣಿಸಲಿಲ್ಲ.

"ಹೋಗಲಿ ಬಿಡಬಾರದಾಗಿತ್ತೇನಪ್ಪ, ಡಬ್ಬಿಯಲ್ಲಿ ಇನ್ನೂ ಅಷ್ಟೊಂದು ಇವೆಯಲ್ಲ," ಎಂದೆನು.

"ನೊಣಕ್ಕಾಗಿ ಹೋಗಲಿಲ್ಲ, ಮಾವ," ಎಂದನು. "ಹೋದ ವರ್ಷ ಇಲ್ಲಿಂದ ಸ್ವಲ್ಪ ಮೇಲೆ ಒಂದು ಹಕ್ಕಿ ದಾರಕ್ಕೆ ತೊಡರಿ ಸತ್ತು ನೇತಾಡುತ್ತಿತ್ತು. ದಾರ ಯಾರದೋ ತಿಳಿಯಲಿಲ್ಲ. ನನ್ನದಲ್ಲವೆಂದು ಹೇಳುವುದಕ್ಕೆ ಮಾತ್ರ ಆಗಲಿಲ್ಲ."

ಅವನು ಹೆಚ್ಚು ಮಾತಿನವನಲ್ಲ. ಅಷ್ಟು ಹೇಳಿ ಮುಂದಿನ ಮಡುವಿಗೆ ಹೋದನು. ನನಗೆ ಮಾತ್ರ ಆ ಮಾತು ಬಿಡಲಿಲ್ಲ. ಕಳೆದುಕೊಳ್ಳದವನು ಹತ್ತಿರ ಹೋಗಿಯೇ ಇಲ್ಲವೆಂಬ ನುಡಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದೆನು. ಆ ನುಡಿಯು ಸುಳ್ಳಲ್ಲ. ಅಪಾಯದ ಅಂಚಿಗೆ ಹೋಗದೆ ಯಾವ ವಿದ್ಯೆಯೂ ಕೈಹತ್ತುವುದಿಲ್ಲ. ಗಾಯಕನು ಶ್ರುತಿ ತಪ್ಪುವ ಭಯದಿಂದ ಮಧ್ಯಸ್ಥಾಯಿಯನ್ನು ಬಿಟ್ಟು ಏರದಿದ್ದರೆ ಸಂಗೀತವೆಲ್ಲಿ ಬಂದೀತು? ಆದರೆ ಆ ನುಡಿಯಲ್ಲಿ ನಷ್ಟವೆಂಬುದನ್ನು ಒಬ್ಬನ ಖಾತೆಯಲ್ಲಿ ಮಾತ್ರ ಬರೆದಿದೆ. ಹೋದದ್ದು ಏನು? ಎರಡು ಮೂರು ಡಾಲರು, ಅಥವಾ ಮನೆಯಲ್ಲಿ ಕುಳಿತು ಕಟ್ಟಿದ ಹದಿನೈದು ನಿಮಿಷ. ಅಷ್ಟನ್ನು ತೆತ್ತು ಮೀನಿನ ಹತ್ತಿರಕ್ಕೆ ಹೋಗುವುದು ಲಾಭದ ವ್ಯಾಪಾರವೇ. ಲೆಕ್ಕದಲ್ಲಿ ಹಕ್ಕಿಯು ಬಂದಿಲ್ಲ. ಗಾಯಕನು ತಪ್ಪಿದರೆ ಕೆಟ್ಟದ್ದು ಅವನ ಹಾಡು. ಕೇಳುವವನಿಗೆ ಒಂದು ಕ್ಷಣ ಕಿವಿ ಕಹಿಯಾದೀತು, ಅಷ್ಟೆ. ಇಲ್ಲಿಯಾದರೋ ಸಾಹಸವು ಒಬ್ಬನದು, ಅದರ ಪಾಲಿಗೆ ಬಿದ್ದ ದಂಡವನ್ನು ತೆರುವವನು ಇನ್ನೊಬ್ಬನು. ಆ ಇನ್ನೊಬ್ಬನಿಗೆ ಆಟ ನಡೆದಿದೆಯೆಂಬುದೇ ಗೊತ್ತಿಲ್ಲ.

ಹಿಂದಿನವರಿಗೆ ಈ ತೊಡಕು ಇಷ್ಟಿರಲಿಲ್ಲವೆಂಬುದು ನಿಜ. ವಾಲ್ಟನ್ನನ ಕಾಲದಲ್ಲಿ ದಾರವೆಂದರೆ ಕುದುರೆಯ ಬಾಲದ ಕೂದಲು. ಅನಂತರ ರೇಷ್ಮೆಹುಳುವಿನ ಒಡಲಿನಿಂದ ಎಳೆದ ತಂತು ಬಂದಿತು. ಮರಕ್ಕೆ ಸಿಕ್ಕಿದರೆ ಅವು ಬಿಸಿಲು ಮಳೆಗಳಿಗೆ ಕೊಳೆತು ಹೋಗುತ್ತಿದ್ದುವು. 1935ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕರೋಥರ್ಸನೂ ಅವನ ಸಹೋದ್ಯೋಗಿಗಳೂ ನೈಲಾನನ್ನು ಕಂಡುಹಿಡಿದರು. 1938ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಅಂದಿನಿಂದ ಬೇಟೆಗಾರನ ದಾರವು ಕಣ್ಣಿಗೆ ಕಾಣದಷ್ಟು ತೆಳುವೂ ಕೈಗೆ ಹರಿಯದಷ್ಟು ಗಟ್ಟಿಯೂ ಆಯಿತು. ಮೀನಿಗೆ ಕಾಣಬಾರದೆಂದು ಮಾಡಿದ ದಾರವು ಹಕ್ಕಿಗೂ ಕಾಣುವುದಿಲ್ಲ. ಒಂದು ತಲೆಮಾರು ಕೊಂಬೆಗೆ ಸಿಕ್ಕಿಸಿದ್ದನ್ನು ಮುಂದಿನ ತಲೆಮಾರು ಅಲ್ಲಿಯೇ ಕಾಣಬಹುದು. ತಂತ್ರವು ಬೆಳೆದಂತೆ ತಪ್ಪಿನ ಆಯುಸ್ಸೂ ಬೆಳೆಯಿತು. ಹೊಣೆಯ ಎಣಿಕೆಯನ್ನು ಮಾತ್ರ ನಾವು ಕುದುರೆಕೂದಲಿನ ಕಾಲದಲ್ಲಿಯೇ ಬಿಟ್ಟಿದ್ದೇವೆ. ಸರಕಾರಗಳು ಕೆಲವೆಡೆ ಎಚ್ಚೆತ್ತುದುಂಟು. ಇಂಗ್ಲೆಂಡಿನಲ್ಲಿ ಬೇಟೆಗಾರರು ಬಿಟ್ಟುಹೋದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ವಿಷವೇರಿ ಸಾಯುತ್ತಿದ್ದುವೆಂದು 1987ರಿಂದ ಅಂತಹ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿದರು. ಹಂಸಗಳ ಸಂಖ್ಯೆ ಮತ್ತೆ ಏರಿತು. ಆದರೆ ಕೊಂಬೆಗೆ ಸಿಕ್ಕಿದ ಗಾಳಕ್ಕೆ ಯಾವ ಕಾನೂನು ಮಾಡಲಾದೀತು? ಅದನ್ನು ನೋಡಿದವನು ಬೀಸಿದವನೊಬ್ಬನೇ.

"ನಾನು ಬೇಕೆಂದು ಮಾಡಲಿಲ್ಲವಲ್ಲ" ಎಂಬುದು ಇಂಥ ಕಡೆ ಎಲ್ಲರ ಬಾಯಿಗೂ ಬರುವ ಸಮಾಧಾನ. ಮಹಾಭಾರತದ ಮಾಂಡವ್ಯನ ಕಥೆಯು ವಾಚಕರಿಗೆ ತಿಳಿದದ್ದೇ. ಬಾಲ್ಯದಲ್ಲಿ ಹುಲ್ಲಿನ ಕಡ್ಡಿಯಿಂದ ಕೀಟಗಳನ್ನು ಚುಚ್ಚಿದ ಪಾಪಕ್ಕಾಗಿ ಮುಂದೆ ಅವನು ಶೂಲಕ್ಕೇರಬೇಕಾಯಿತು. ಅರಿಯದ ಬಾಲಕನಿಗೆ ಇಷ್ಟು ದಂಡವೆ ಎಂದು ಅವನು ಧರ್ಮನನ್ನೇ ಶಪಿಸಿ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲವೆಂಬ ಎಲ್ಲೆಯನ್ನು ಹಾಕಿದನು. ಈ ಕಥೆಯಲ್ಲಿ ಜನರು ಮಾಂಡವ್ಯನ ಪಕ್ಷವನ್ನು ಹಿಡಿಯುತ್ತಾರೆ, ನಾನೂ ಹಿಡಿಯುತ್ತೇನೆ. ಆದರೆ ಎಲ್ಲೆಯ ಇನ್ನೊಂದು ಪಕ್ಕವನ್ನು ಮರೆಯಬಾರದು. ಹದಿನಾಲ್ಕು ದಾಟಿದವನಿಗೆ ಅರಿಯೆನೆಂಬ ಮಾತು ಸಲ್ಲದು ಎಂದೂ ಮಾಂಡವ್ಯನೇ ಹೇಳಿದಂತಾಯಿತು. ಜೈನರ ತತ್ತ್ವಾರ್ಥಸೂತ್ರವು ಇದನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದೆ. ಅದರ ಮತದಲ್ಲಿ ಹಿಂಸೆಯ ಬೇರು ಇರುವುದು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ. ಕೊಲ್ಲುವ ಸಂಕಲ್ಪವಿರಲಿಲ್ಲವೆಂಬುದರಿಂದಲೇ ಮನುಷ್ಯನು ಪಾರಾಗುವುದಿಲ್ಲ. ಎಚ್ಚರವಿತ್ತೆ ಎಂದು ಕೇಳಬೇಕು. ಎಚ್ಚರದಿಂದ ಹೆಜ್ಜೆಯಿಟ್ಟವನ ಕಾಲಿಗೆ ಸಿಕ್ಕಿ ಇರುವೆ ಸತ್ತರೆ ಒಂದು, ಎತ್ತಲೋ ನೋಡುತ್ತ ನಡೆದವನ ಕಾಲಿಗೆ ಸಿಕ್ಕಿ ಸತ್ತರೆ ಇನ್ನೊಂದು. ಇರುವೆಗೆ ಎರಡೂ ಒಂದೇ ಎಂದು ಯಾರಾದರೂ ಹೇಳಿಯಾರು. ಸತ್ಯವೆ, ಆದರೆ ನಾವು ವಿಚಾರಿಸುತ್ತಿರುವುದು ನಡೆಯುವವನನ್ನು.

ಇಷ್ಟು ಒಪ್ಪಿದರೆ, ಸಿಕ್ಕಿದ ಗಾಳವನ್ನೆಲ್ಲ ಹೇಗಾದರೂ ಬಿಡಿಸಿಯೇ ತೀರಬೇಕೆಂದು ವಿಧಿಸೋಣವೆ? ಹಾಗೆ ಹೇಳುವುದು ದಡದಲ್ಲಿ ಕುಳಿತವನ ಧರ್ಮ. ಸೆಳವು ಬಲವಾಗಿರುವಲ್ಲಿ ನೀರಿಗೆ ಬಿದ್ದ ಮರಗಳ ಕೊಂಬೆಗಳು ಜರಡಿಯಂತೆ ನಿಂತಿರುತ್ತವೆ; ನೀರು ಅವುಗಳ ನಡುವೆ ಹಾದುಹೋಗುತ್ತದೆ, ದೋಣಿಯೂ ಮನುಷ್ಯನೂ ಹಾದುಹೋಗಲಾರರು. ಅಡ್ಡಲಾಗಿ ಒತ್ತಿಕೊಂಡ ಕಯಾಕ್ ಕ್ಷಣದಲ್ಲಿ ಮಗುಚಿ, ಅದರಲ್ಲಿದ್ದವನು ಕೊಂಬೆಗಳ ಕೆಳಗೆ ಸಿಕ್ಕಿಬೀಳುತ್ತಾನೆ. ಹೀಗೆ ಪ್ರಾಣ ಕಳೆದುಕೊಂಡವರುಂಟು. ದೂರದಿಂದ ಬಲವಾಗಿ ಜಗ್ಗಿದರೆ, ಬಿಟ್ಟುಕೊಂಡ ಗಾಳವು ಬಾಣದಂತೆ ಬಂದು ಕಣ್ಣಿಗೇ ನೆಡಬಹುದು. ಒಂದು ಗಾಳಕ್ಕಾಗಿ, ಬಂದರೂ ಬರಬಹುದಾದ ಒಂದು ಹಕ್ಕಿಗಾಗಿ, ಮನೆಯಲ್ಲಿ ಹೆಂಡತಿಮಕ್ಕಳಿರುವವನು ಪ್ರಾಣವನ್ನು ಒಡ್ಡಬೇಕೆಂದು ಯಾವ ಶಾಸ್ತ್ರವೂ ಹೇಳಲಾರದು.

ಆದ್ದರಿಂದ ಹೊಣೆಯನ್ನು ಗಾಳವು ಸಿಕ್ಕಿದ ಮೇಲಿನ ಕ್ಷಣದಲ್ಲಿ ಹುಡುಕುವುದೇ ತಡವೆಂದು ನನಗೆ ತೋರುತ್ತದೆ. ಅದು ಇರುವುದು ಬೀಸುವುದಕ್ಕೆ ಮುಂಚೆ. ಈ ಕೊಂಬೆಗೆ ಸಿಕ್ಕಿದರೆ ನಾನು ಅಲ್ಲಿಗೆ ಹೋಗಬಲ್ಲೆನೆ ಎಂದು ಒಮ್ಮೆ ನೋಡಿಕೊಳ್ಳುವುದು. ಹೋಗಲಾರದಿದ್ದರೆ ಎಷ್ಟು ದೊಡ್ಡ ಮೀನು ಬಳೆಯೆಬ್ಬಿಸುತ್ತಿದ್ದರೂ ಕೋಲನ್ನು ಎತ್ತದಿರುವುದು. ಸಲಕರಣೆಯ ಆಯ್ಕೆಯಲ್ಲಿಯೂ ಇದೇ ನೋಟ ಬೇಕು. ದಾರವು ಗಟ್ಟಿಯಾಗಿ ಗಾಳದ ತಂತಿಯು ತೆಳುವಾಗಿದ್ದರೆ, ನೇರವಾಗಿ ಜಗ್ಗಿದಾಗ ದಾರ ಹರಿಯುವುದಿಲ್ಲ. ಗಾಳವೇ ಬಾಗಿ ಬಿಟ್ಟುಕೊಂಡು ಕೈಗೆ ಬರುತ್ತದೆ. ಮೊನೆಯ ಹಿಂದಣ ಮುಳ್ಳನ್ನು ಇಕ್ಕಳದಿಂದ ಅದುಮಿಬಿಟ್ಟರೆ ಕೊಂಬೆಯೂ ಮೀನೂ ಇಬ್ಬರೂ ಬೇಗ ಬಿಡುಗಡೆ ಹೊಂದುತ್ತಾರೆ. ಕೋಲನ್ನು ಮೇಲಿನಿಂದ ಬೀಸದೆ ಪಕ್ಕದಿಂದ ಬೀಸುವುದು, ಅಥವಾ ನೊಣವನ್ನು ಬೆರಳಲ್ಲಿ ಹಿಡಿದು ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಬಿಡುವುದು, ಇವೂ ಇವೆ. ಇವು ಕೈಚಳಕದ ಮಾತುಗಳೆಂದು ಬೇಟೆಯ ಗ್ರಂಥಗಳಲ್ಲಿ ಬರೆದಿರುತ್ತಾರೆ. ನಾನಾದರೆ ಇವನ್ನು ನೀತಿಯ ಅಧ್ಯಾಯಕ್ಕೆ ಸೇರಿಸುತ್ತಿದ್ದೆನು. ಎಚ್ಚರವೆಂಬುದು ಮನಸ್ಸಿನ ಗುಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಅದು ಎಷ್ಟೋ ವೇಳೆ ದಾರದ ದಪ್ಪದಲ್ಲಿ, ಇಕ್ಕಳದ ಒಂದು ಒತ್ತಿನಲ್ಲಿ ಇರುತ್ತದೆ.

ಈಗ ಮುಖ ತಿರುಗಿಸಿದ್ದ ವಾಚಕರ ಆಕ್ಷೇಪಣೆ. ಮೀನಿನ ಬಾಯಿಗೆ ಗಾಳವನ್ನು ಚುಚ್ಚುವವನು ಹಕ್ಕಿಗಾಗಿ ಮರುಗುವುದು ಮಾರ್ಜಾಲಸಂನ್ಯಾಸವಲ್ಲವೆ? ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆಂದರೆ, ತಿನ್ನುವುದಕ್ಕೂ ಅಲ್ಲದೆ ಸುಮ್ಮನೆ ನೋಯಿಸಿದಂತಾಗಲಿಲ್ಲವೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂದೇ ಹೇಳಬೇಕು. ಕೋಲನ್ನು ನಾನು ಕೈಯಲ್ಲಿ ಹಿಡಿದವನಲ್ಲ, ಹಿಡಿಯಬೇಕೆಂಬ ಆಸೆಯೂ ಇಲ್ಲ. ಆದರೆ ಆಕ್ಷೇಪಣೆಯಿಂದ ಅವರು ತೆಗೆಯುವ ತೀರ್ಮಾನವನ್ನು ಮಾತ್ರ ಒಪ್ಪಲಾರೆನು. ಒಂದು ನೋವನ್ನು ಕೊಡಲು ಒಡಂಬಟ್ಟವನಿಗೆ ಉಳಿದ ನೋವುಗಳ ಲೆಕ್ಕವೇ ಇಲ್ಲವೆಂದರೆ, ಲೋಕದಲ್ಲಿ ಪೂರ್ಣ ಸಂನ್ಯಾಸಿಗಳನ್ನು ಬಿಟ್ಟು ಮಿಕ್ಕವರಿಗೆ ನೀತಿಯೇ ಇಲ್ಲವೆಂದಾಗುತ್ತದೆ. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ ಎಂದು ಜೈನರು ಎರಡನ್ನು ಇಟ್ಟದ್ದು ಇದಕ್ಕಾಗಿಯೇ ಇರಬೇಕು. ರೇಷ್ಮೆಯನ್ನು ಉಡುವ, ಹಾಲನ್ನು ಕರೆಯುವ, ಹೊಲವನ್ನು ಉಳುವ ನಾವೆಲ್ಲ ಯಾವುದೋ ಒಂದು ನೋವಿಗೆ ಕೈಯೊಡ್ಡಿದವರೇ. ನೋವನ್ನು ಎಲ್ಲಿ ತಡೆಯಬಹುದೋ ಅಲ್ಲಿ ತಡೆಯುವುದಕ್ಕೆ ಅದೊಂದು ಅಡ್ಡಿಯಾಗಬೇಕೆ?

ಇನ್ನೊಂದು ವಾದವೂ ಉಂಟು. ಇದು ಬೇಟೆಗಾರರ ಪಕ್ಷದ್ದು. ಆ ಮರದಲ್ಲಿ ಆಗಲೇ ಹತ್ತಾರು ಜನರ ಗಾಳಗಳಿವೆ. ನನ್ನದೊಂದನ್ನು ಬಿಡಿಸಿದರೆ ಏನು ಬಂದಂತಾಯಿತು? ಬೀದಿಗೆ ಕಸ ಚೆಲ್ಲುವವನಿಂದ ಹಿಡಿದು ಸುಂಕ ತಪ್ಪಿಸುವವನವರೆಗೆ ಎಲ್ಲರೂ ಆಡುವ ಮಾತಿದು. ಸತ್ತ ಹಕ್ಕಿಯ ಕಾಲಿಗೆ ಹತ್ತಾರು ಗಾಳಗಳೂ ಸೇರಿ ತೊಡರಿರುವುದಿಲ್ಲ, ಒಂದೇ ತೊಡರಿರುತ್ತದೆ. ಯಾರದೆಂದು ತಿಳಿಯದಿರುವುದರಿಂದ ಅದು ಯಾರದೂ ಅಲ್ಲವೆಂದಾಗದು. ನನ್ನ ಸೋದರಳಿಯನು ಆಡಿದ ಮಾತಿನ ತೂಕ ನನಗೆ ತಿಳಿದುದು ಇಲ್ಲಿಯೇ. ಅವನಿಗೆ ತನ್ನ ತಪ್ಪೆಂದು ಒಪ್ಪಿಕೊಳ್ಳುವ ಕಾರಣವಿರಲಿಲ್ಲ. ತನ್ನದಲ್ಲವೆಂದು ಆಣೆಯಿಡುವ ಸ್ವಾತಂತ್ರ್ಯವೂ ಇರಲಿಲ್ಲ.

ಚಳಿಗಾಲದಲ್ಲಿ ಸಿಕಮೋರ್ ಮರಗಳ ಎಲೆಯೆಲ್ಲ ಉದುರಿ, ಬೇಸಗೆಯಲ್ಲಿ ಕಾಣದಿದ್ದ ಗಾಳಗಳು ಬರಿಯ ಕೊಂಬೆಗಳಲ್ಲಿ ಹಣ್ಣಿನಂತೆ ನೇತಾಡುತ್ತವೆಯಂತೆ. ಹೋದ ಜನವರಿಯಲ್ಲಿ ನೀರು ಇಳಿದಿದ್ದಾಗ ಅವನು ಇನ್ನಿಬ್ಬರನ್ನು ಕೂಡಿಕೊಂಡು, ಉದ್ದನೆಯ ಕೋಲಿಗೆ ಕೊಕ್ಕೆ ಕಟ್ಟಿ, ಕೈಗೆ ನಿಲುಕುವ ಮರಗಳಿಂದ ಹನ್ನೊಂದನ್ನು ಇಳಿಸಿದನೆಂದು ಬರೆದಿದ್ದಾನೆ. ಎರಡು ಅವನವೇ, ಸುತ್ತಿದ ದಾರದ ಬಣ್ಣದಿಂದ ಗುರುತು ಹತ್ತಿತು. ಉಳಿದವುಗಳಲ್ಲಿ ಹೆಚ್ಚಿನವು ತುಕ್ಕು ಹಿಡಿದುವು. ಒಂದು ಮಾತ್ರ, ಯಾವನೋ ನುರಿತ ಕೈಯವನು ಕಟ್ಟಿದ್ದು, ಗರಿಯೂ ಮಾಸದೆ ಚೆನ್ನಾಗಿದೆಯಂತೆ. ಅದನ್ನು ತಾನು ಬಳಸಬಹುದೆ ಎಂದು ಕೇಳಿದ್ದಾನೆ. ಮನುವಿನ ಮೂರು ವರ್ಷದ ಲೆಕ್ಕವನ್ನು ಅವನಿಗೆ ಬರೆಯೋಣವೆಂದುಕೊಂಡಿದ್ದೇನೆ.